ಬೀಗವಿಲ್ಲದ ಬಾಗಿಲು: ಪ್ಯಾರಿಸಿನ ಒಂದು ಜೀತದ ಪ್ರಕರಣ

ಆ ಮನೆಯ ಬಾಗಿಲಿಗೆ ಯಾರೂ ಹೊರಗಿನಿಂದ ಬೀಗ ಜಡಿಯುತ್ತಿರಲಿಲ್ಲ. ಹುಡುಗಿ ಬೆಳಿಗ್ಗೆ ಮಕ್ಕಳ ಕೈ ಹಿಡಿದು ಬೀದಿಗೆ ಇಳಿಯುತ್ತಿದ್ದಳು, ಅವರನ್ನು ಶಿಶುವಿಹಾರಕ್ಕೆ ಬಿಟ್ಟು ವಾಪಸ್ ಬರುತ್ತಿದ್ದಳು. ಎಂದೋ ಒಂದು ಭಾನುವಾರ ಅಪ್ಪಣೆ ಸಿಕ್ಕರೆ ಚರ್ಚಿಗೂ ಹೋಗುತ್ತಿದ್ದಳು. ಒಮ್ಮೆಯಂತೂ ಮನೆ ಬಿಟ್ಟೇ ಹೋಗಿ, ಐದಾರು ತಿಂಗಳು ಬೇರೆ ಕಡೆ ಇದ್ದು, ತಾನೇ ನಡೆದುಕೊಂಡು ಅದೇ ಮನೆಗೆ ಮರಳಿದಳು. ಹೀಗಿದ್ದ ಮೇಲೆ ಇದು ಜೀತ ಹೇಗಾದೀತು? 2000ದ ಅಕ್ಟೋಬರಿನಲ್ಲಿ ಪ್ಯಾರಿಸಿನ ಮೇಲ್ಮನವಿ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಹೆಚ್ಚುಕಡಿಮೆ ಇದೇ. ಅದು ಮನೆಯ ಯಜಮಾನ, ಯಜಮಾನಿ ಇಬ್ಬರನ್ನೂ ಖುಲಾಸೆ ಮಾಡಿತು. 2005ರ ಜುಲೈ 26ರಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಅವೇ ಸಂಗತಿಗಳನ್ನು ಮುಂದಿಟ್ಟುಕೊಂಡು ಬೇರೆ ಮಾತು ಹೇಳಿತು. ಕಾನೂನು ಓದಿದವರು ಇದನ್ನು ಆ ಹುಡುಗಿಯ ಹೆಸರು ಹಿಡಿದು ‘ಸಿಲಿಯಾದಿನ್ ವಿರುದ್ಧ ಫ್ರಾನ್ಸ್’ ಎಂದು ಗುರುತಿಸುತ್ತಾರೆ.

ವಿದೇಶದಲ್ಲಿ ಮನೆಗೆಲಸಕ್ಕೆ ಹೋದ ಹೆಂಗಸರ ವಿಷಯ ನಮ್ಮ ಪೇಪರುಗಳಿಗೆ ಬರುವುದು ಮೈಮೇಲೆ ಬರೆ ಬಿದ್ದಾಗ, ಮಹಡಿಯಿಂದ ಹಾರಿ ಕಾಲು ಮುರಿದಾಗ, ಇಲ್ಲವೇ ಪೆಟ್ಟಿಗೆಯಲ್ಲಿ ಹೆಣ ಬಂದಾಗ. ಅಂಥವನ್ನೇ ಓದಿ ಓದಿ ಬಲವಂತ ಅಂದರೆ ಗಾಯ ಇರಲೇಬೇಕು ಎಂದು ನಮ್ಮ ತಲೆಯಲ್ಲೂ ಕೂತುಬಿಟ್ಟಿದೆ. ಈ ಕಡತದಲ್ಲಿ ಗಾಯವಿಲ್ಲ. ಹಾಗಾದರೆ ಬಲವಂತ ಎಲ್ಲಿ ಅಡಗಿತ್ತು ಎಂದು ಹುಡುಕಬೇಕು. ಅದಕ್ಕೇ ನಾನು ಇದನ್ನು ಮತ್ತೆ ಮತ್ತೆ ತೆಗೆದು ಓದುತ್ತೇನೆ.

ಟಿಕೆಟ್ ಸಾಲ

ಹುಡುಗಿ ಹುಟ್ಟಿದ್ದು 1978ರಲ್ಲಿ, ಪಶ್ಚಿಮ ಆಫ್ರಿಕಾದ ಟೋಗೊ ದೇಶದವಳು. 1960ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ನಾಡು ಅದು. ಓದು, ಕಚೇರಿ ಎಲ್ಲ ಫ್ರೆಂಚಿನಲ್ಲಿ. ಅಲ್ಲಿಯವರಿಗೆ ಪ್ಯಾರಿಸ್ ಎಂದರೆ ಭಾಷೆ ಗೊತ್ತಿರುವ ದೂರದ ಊರು. 1994ರ ಜನವರಿ 26ರಂದು ಅವಳು ಪ್ಯಾರಿಸಿಗೆ ಬಂದಳು. ವಯಸ್ಸು ಹದಿನೈದು ವರ್ಷ ಏಳು ತಿಂಗಳು. ಕೈಯಲ್ಲಿ ಪಾಸ್‌ಪೋರ್ಟ್, ಪ್ರವಾಸಿ ವೀಸಾ. ಕರೆತಂದಾಕೆ ಟೋಗೊ ಮೂಲದ, ಫ್ರೆಂಚ್ ಪೌರತ್ವ ಪಡೆದ ಒಬ್ಬ ಹೆಂಗಸು. ತೀರ್ಪು ಆಕೆಯನ್ನು ‘ಶ್ರೀಮತಿ ಡಿ’ ಎನ್ನುತ್ತದೆ.

ಆಗಿದ್ದ ಮಾತು ಹೀಗೆ: ವಿಮಾನದ ಟಿಕೆಟ್ಟಿನ ಹಣ ತೀರುವ ತನಕ ಹುಡುಗಿ ಶ್ರೀಮತಿ ಡಿ ಮನೆಯಲ್ಲಿ ಕೆಲಸ ಮಾಡಬೇಕು. ಅಷ್ಟರೊಳಗೆ ಆಕೆ ಹುಡುಗಿಯ ವಾಸದ ಕಾಗದಪತ್ರ ಸರಿಮಾಡಿಸಿ, ಶಾಲೆಗೂ ಸೇರಿಸಬೇಕು. ಕೇಳಿದರೆ ತಪ್ಪೇನೂ ಕಾಣದ ಒಪ್ಪಂದ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಹಳ್ಳಿಯ ಹುಡುಗಿಯನ್ನು ‘ಓದಿಸುತ್ತೇವೆ, ಮನೆಯಲ್ಲಿ ಸ್ವಲ್ಪ ಕೈಜೋಡಿಸಲಿ’ ಎಂದು ಇದೇ ದನಿಯಲ್ಲಿ ಕೇಳಿ ಕರೆದೊಯ್ಯುತ್ತಾರೆ.

ಆದರೆ ಆ ಟಿಕೆಟ್ಟಿನ ಲೆಕ್ಕ ನೋಡಿ. ದುಡಿಮೆಗೆ ತಿಂಗಳಿಗೆ ಇಷ್ಟು ಎಂದು ಬೆಲೆ ಕಟ್ಟಿದ್ದರೆ ಸಾಲದಲ್ಲಿ ಅಷ್ಟು ಕಳೆಯುತ್ತಾ ಬರಬಹುದಿತ್ತು. ಬೆಲೆಯನ್ನೇ ಕಟ್ಟದಿದ್ದರೆ ಕಳೆಯುವುದು ಯಾವುದರಿಂದ? ಸಾಲ ಎಂಬ ಪದ ಇದೆ, ತೀರುವ ದಿನ ಇಲ್ಲ. ನಮ್ಮ ಜೀತದಾಳುಗಳ ಪತ್ರಗಳಲ್ಲಿ ಅಪ್ಪನ ಕಾಲದ ಇನ್ನೂರು ರೂಪಾಯಿ ಮಗನ ಕಾಲಕ್ಕೂ ಇನ್ನೂರಾಗಿಯೇ ನಿಂತಿರುತ್ತಿದ್ದುದು ಈ ಲೆಕ್ಕದಿಂದಲೇ. ಶಾಲೆ ಬರಲಿಲ್ಲ, ಕಾಗದ ಆಗಲಿಲ್ಲ. ಹುಡುಗಿ ಸಂಬಳವಿಲ್ಲದ ಕೆಲಸದವಳಾದಳು. ಪಾಸ್‌ಪೋರ್ಟ್ ಶ್ರೀಮತಿ ಡಿ ಕೈಸೇರಿತು.

ಪಾಸ್‌ಪೋರ್ಟ್ ಯಜಮಾನನ ಹತ್ತಿರ ಇರುವುದು ನಮ್ಮ ಕರಾವಳಿಯವರಿಗೆ ಹೊಸ ಮಾತಲ್ಲ. ‘ಕಫೀಲನ ಕಪಾಟಿನಲ್ಲಿದೆ’ ಎಂದು ಗಲ್ಫಿನಿಂದ ಬಂದವರು ಹೇಳಿದ್ದನ್ನು ಕೇಳಿದ್ದೇವೆ. ಇದು ಮರಳುಗಾಡಿನ ದೇಶಗಳದ್ದೇ ರೋಗ ಎಂದುಕೊಂಡವರಿಗೆ ಈ ಪ್ರಕರಣ ಸ್ವಲ್ಪ ಇರುಸುಮುರುಸು ತರುತ್ತದೆ. ಸ್ವಾತಂತ್ರ್ಯ, ಸಮಾನತೆ, ಸೋದರತ್ವ ಎಂದು ಸರ್ಕಾರಿ ಕಟ್ಟಡಗಳ ಮೇಲೆಲ್ಲ ಕೆತ್ತಿಸಿಕೊಂಡ ದೇಶದ ರಾಜಧಾನಿಯಲ್ಲಿ ನಡೆದದ್ದು ಇದು.

ಎರವಲು

1994ರ ಉತ್ತರಾರ್ಧದಲ್ಲಿ ಶ್ರೀಮತಿ ಡಿ ಈ ಹುಡುಗಿಯನ್ನು ಪರಿಚಯದ ಇನ್ನೊಂದು ಮನೆಗೆ ಎರವಲು ಕೊಟ್ಟಳು. ಪದ ನನ್ನದಲ್ಲ, ತೀರ್ಪಿನಲ್ಲೇ ಆ ಪದ ಉದ್ಧರಣ ಚಿಹ್ನೆಯೊಳಗೆ ಕೂತಿದೆ. ಪಕ್ಕದ ಮನೆಯಲ್ಲಿ ನೆಂಟರು ಜಾಸ್ತಿ ಬಂದಿದ್ದಾರೆ ಎಂದು ಇಡ್ಲಿ ಪಾತ್ರೆ ಕೊಟ್ಟ ಹಾಗೆ. ಆ ಮನೆಯವರು ಬಿ ದಂಪತಿ. ಎರಡು ಸಣ್ಣ ಮಕ್ಕಳು, ಶ್ರೀಮತಿ ಬಿ ಮತ್ತೆ ಬಸುರಿ. ಹೆರಿಗೆಯಾಗುವ ತನಕ ಕೈಗೊಬ್ಬಳು ಬೇಕಿತ್ತು. ಹುಡುಗಿಯ ತಂದೆ ಒಪ್ಪಿಗೆ ಕೊಟ್ಟಿದ್ದರು. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಶ್ರೀಮತಿ ಬಿ, ನಿನ್ನನ್ನು ಇಲ್ಲೇ ಇಟ್ಟುಕೊಳ್ಳಲು ತೀರ್ಮಾನ ಮಾಡಿದ್ದೇನೆ ಎಂದು ಹುಡುಗಿಗೆ ತಿಳಿಸಿದಳು. ಹೇಳಿದ್ದಷ್ಟೇ, ಕೇಳಿದ್ದಲ್ಲ.

ಅಲ್ಲಿಂದ ಮುಂದೆ ಅವಳ ದಿನ ಹೀಗಿತ್ತು. ಬೆಳಿಗ್ಗೆ ಏಳೂವರೆಗೆ ಎದ್ದು ತಿಂಡಿ ಮಾಡಬೇಕು. ಮಕ್ಕಳಿಗೆ ಬಟ್ಟೆ ಹಾಕಿ ಶಿಶುವಿಹಾರಕ್ಕೋ ಆಟಪಾಠದ ತರಗತಿಗೋ ಬಿಟ್ಟುಬರಬೇಕು. ಕೂಸನ್ನು ನೋಡಿಕೊಳ್ಳಬೇಕು. ಕಸ, ನೆಲ, ಬಟ್ಟೆ ಒಗೆತ, ಇಸ್ತ್ರಿ. ಅದೇ ಕಟ್ಟಡದಲ್ಲಿ ಶ್ರೀ ಬಿ ಆಫೀಸು ಮಾಡಿಕೊಂಡಿದ್ದ ಒಂದು ಸಣ್ಣ ಮನೆ ಇತ್ತು, ಅದನ್ನೂ ಗುಡಿಸಿ ಒರೆಸಬೇಕು. ಸಂಜೆ ಅಡುಗೆ, ದೊಡ್ಡ ಮಕ್ಕಳ ದೇಖರೇಖಿ, ಪಾತ್ರೆ. ಮಲಗುವಾಗ ರಾತ್ರಿ ಹತ್ತೂವರೆ. ಮಲಗುವುದೆಲ್ಲಿ ಎಂದರೆ ಕೂಸಿನ ಕೋಣೆಯಲ್ಲಿ, ನೆಲದ ಮೇಲೆ ಒಂದು ಹಾಸಿಗೆ. ಕೂಸು ಎದ್ದರೆ ಅವಳೂ ಏಳಬೇಕು. ಹಾಗಾಗಿ ಹತ್ತೂವರೆಗೆ ದಿನ ಮುಗಿಯಿತು ಎನ್ನುವ ಹಾಗೂ ಇರಲಿಲ್ಲ. ಉಡುಗೆ ಯಾರೋ ತೊಟ್ಟು ಬಿಟ್ಟದ್ದು.

ಕೂಸು ಎದ್ದ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿದರೂ ದಿನಕ್ಕೆ ಹದಿನೈದು ಗಂಟೆ, ವಾರಕ್ಕೆ ಏಳು ದಿನ, ಒಟ್ಟು 105 ಗಂಟೆ. ಆಗ ಫ್ರಾನ್ಸಿನಲ್ಲಿ ಕಾನೂನು ಪ್ರಕಾರ ದುಡಿಮೆಯ ವಾರ 39 ಗಂಟೆಯದು. ಅದೂ ಜಾಸ್ತಿಯಾಯಿತು, 35ಕ್ಕೆ ಇಳಿಸಬೇಕು ಎಂಬ ಚರ್ಚೆ ಜೋರಾಗಿ ನಡೆಯುತ್ತಿದ್ದ ವರ್ಷಗಳವು.

ಸಂಬಳ ಇರಲಿಲ್ಲ. ಇಡೀ ಅವಧಿಯಲ್ಲಿ ಕೈಗೆ ಬಂದ ದುಡ್ಡೆಂದರೆ ಶ್ರೀಮತಿ ಬಿಯ ತಾಯಿ ಕೊಟ್ಟ ಒಂದೋ ಎರಡೋ 500 ಫ್ರಾಂಕಿನ ನೋಟು. ಈಗಿನ ಯೂರೊ ಲೆಕ್ಕದಲ್ಲಿ ಒಂದು ನೋಟು ಸುಮಾರು 76 ಯೂರೊ. ಹಬ್ಬಕ್ಕೆ ಕೆಲಸದವಳ ಕೈಗೆ ಅಜ್ಜಿ ಏನಾದರೂ ತುರುಕುತ್ತಾರಲ್ಲ, ಆ ಬಗೆಯದು. ಆ ಮನೆಯಲ್ಲಿ ಆ ಒಬ್ಬ ಮುದುಕಿಗಾದರೂ ಏನೋ ಸರಿಯಿಲ್ಲ ಎಂದು ಅನ್ನಿಸಿತ್ತೇನೋ. ಇದು ನನ್ನ ಊಹೆ.

ಓಡಿಹೋಗಿ ಬಂದವಳು

1995ರ ಡಿಸೆಂಬರಿನಲ್ಲಿ ಅವಳು ತಪ್ಪಿಸಿಕೊಂಡಳು. ಹೈಟಿ ದೇಶದ ಒಬ್ಬರು ಆಸರೆ ಕೊಟ್ಟರು. ಅವರ ಎರಡು ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಊಟ, ಇರಲು ಸರಿಯಾದ ಜಾಗ, ತಿಂಗಳಿಗೆ 2,500 ಫ್ರಾಂಕ್. ಅಲ್ಲಿ ಐದಾರು ತಿಂಗಳು ಇದ್ದಳು. ಅದೇ ಊರು, ಅದೇ ಮಕ್ಕಳ ಕೆಲಸ, ಅದೇ ಹುಡುಗಿ. ಸಂಬಳ ಮಾತ್ರ ಉಂಟು. ಅವಳ ದುಡಿಮೆಗೆ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದ್ದರೆ ಉತ್ತರ ಅಲ್ಲೇ ಇತ್ತು.

ಆಮೇಲೆ ಅವಳು ಬಿ ದಂಪತಿಯ ಮನೆಗೆ ಮರಳಿದಳು. ಇಡೀ ಪ್ರಕರಣದ ಕೀಲು ಇರುವುದು ಈ ಮರಳುವಿಕೆಯಲ್ಲಿ. ಅವಳ ಅಪ್ಪನ ಅಣ್ಣನೋ ತಮ್ಮನೋ ಒಬ್ಬರಿದ್ದರು. ಬಿ ದಂಪತಿ ಅವರನ್ನು ಸಂಪರ್ಕಿಸಿದ್ದರು, ಹುಡುಗಿಯ ಕಾಗದಪತ್ರ ಸರಿಮಾಡಿಸಿಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಹೋಗು ಎಂದು ಅವರು ಹೇಳಿದರು. ಇವಳು ಹೋದಳು.

ದೂರದಿಂದ ನೋಡುವವರು ‘ಯಾರೂ ಜುಟ್ಟು ಹಿಡಿದು ಎಳೆದೊಯ್ಯಲಿಲ್ಲವಲ್ಲ’ ಎನ್ನಬಹುದು. ನಿಜವೇ. ಆದರೆ ಹದಿನೇಳು ಹದಿನೆಂಟರ ಹುಡುಗಿಗೆ ಮನೆಯ ಹಿರಿಯರ ಮಾತು ಏನು ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಂಡನ ಮನೆಯಲ್ಲಿ ಏಟು ತಿಂದು ತವರಿಗೆ ಬಂದವಳನ್ನು ‘ಹೊಂದಿಕೊಂಡು ಹೋಗಮ್ಮ’ ಎಂದು ಬಸ್ಸು ಹತ್ತಿಸುವ ದೊಡ್ಡಪ್ಪಂದಿರು ನಮ್ಮಲ್ಲಿ ಕಡಿಮೆಯೇ? ಅವಳು ಬಸ್ಸಿನ ಮೆಟ್ಟಿಲನ್ನು ತಾನೇ ಹತ್ತುತ್ತಾಳೆ. ಅದನ್ನು ಸ್ವಇಚ್ಛೆ ಎಂದು ಬರೆದುಕೊಳ್ಳಬಹುದೇ?

ಇನ್ನೊಂದು ಸಂಗತಿಯೂ ಇದೆ. ಆಸರೆ ಕೊಟ್ಟವರು ಸಂಬಳ, ಊಟ, ಮರ್ಯಾದೆ ಎಲ್ಲ ಕೊಟ್ಟರು. ಕೊಡಲಾಗದೇ ಹೋದದ್ದು ಒಂದೇ: ಫ್ರಾನ್ಸಿನಲ್ಲಿ ಇರಲು ಅನುಮತಿಯ ಕಾಗದ. ವೀಸಾ ಎಂದೋ ಮುಗಿದಿತ್ತು. ಬೀದಿಯಲ್ಲಿ ಪೊಲೀಸರು ತಡೆದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಆ ಕಾಗದ ನಮ್ಮಿಂದ ಸಿಗುತ್ತದೆ ಎಂದು ಹೇಳುತ್ತಿದ್ದವರು ಬಿ ದಂಪತಿ ಮಾತ್ರ. ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವಲ್ಲ, ಅದು. ಅವಳು ಮರಳಿದ್ದು ಆ ಮನೆಗಲ್ಲ, ಆ ಕಾಗದಕ್ಕೆ.

ಮರಳಿದ ಮೇಲೆ ಅದೇ ನೆಲದ ಮೇಲಿನ ಹಾಸಿಗೆ, ಅದೇ ಏಳೂವರೆಯಿಂದ ಹತ್ತೂವರೆ. ಕಾಗದ ಬರಲಿಲ್ಲ. ಹೀಗೇ ಇನ್ನೂ ಎರಡು ವರ್ಷ ಕಳೆಯಿತು.

ನಡುವೆ ಒಂದು ದಿನ ಅವಳು ಹೇಗೋ ಪಾಸ್‌ಪೋರ್ಟ್ ವಾಪಸ್ ಪಡೆದು ಪರಿಚಯದವರೊಬ್ಬರ ಹತ್ತಿರ ಇಟ್ಟಳು. ಪಕ್ಕದ ಮನೆಯವರೊಬ್ಬರ ಮುಂದೆ ತನ್ನ ಪಾಡನ್ನು ಹೇಳಿಕೊಂಡಳು. ಅವರು ‘ಆಧುನಿಕ ಗುಲಾಮಗಿರಿ ವಿರೋಧಿ ಸಮಿತಿ’ಗೆ ಸುದ್ದಿ ಮುಟ್ಟಿಸಿದರು. ಪ್ಯಾರಿಸಿನ ಈ ಸಂಸ್ಥೆ ಹುಟ್ಟಿದ್ದು 1994ರಲ್ಲಿ, ಅಂದರೆ ಹುಡುಗಿ ವಿಮಾನ ಇಳಿದ ವರ್ಷದಲ್ಲೇ. ಸಮಿತಿ ದೂರು ಕೊಟ್ಟಿತು. 1998ರ ಜುಲೈ 28ರಂದು ಪೊಲೀಸರು ಆ ಮನೆಗೆ ಹೋದರು. ಅವಳಿಗಾಗ ಇಪ್ಪತ್ತು ವರ್ಷ.

ನಾಲ್ಕು ತೀರ್ಪು

ಫ್ರಾನ್ಸಿನ ದಂಡ ಸಂಹಿತೆಯಲ್ಲಿ ಆಗ ಗುಲಾಮಗಿರಿ, ಜೀತ ಎಂಬ ಹೆಸರಿನ ಅಪರಾಧಗಳೇ ಇರಲಿಲ್ಲ. 1848ರಲ್ಲಿ ವಸಾಹತುಗಳಲ್ಲೆಲ್ಲ ಗುಲಾಮಗಿರಿ ರದ್ದಾಗಿತ್ತಲ್ಲ, ಮತ್ತೇಕೆ ಎಂಬ ಭಾವ ಇದ್ದಿರಬೇಕು. ಇದ್ದದ್ದು ಎರಡು ಕಲಮು. 225-13: ಒಬ್ಬರ ದುರ್ಬಲ ಸ್ಥಿತಿಯನ್ನೋ ಅವಲಂಬನೆಯನ್ನೋ ಬಳಸಿಕೊಂಡು ಸಂಬಳವಿಲ್ಲದೆ, ಇಲ್ಲವೇ ಕೆಲಸಕ್ಕೆ ತೀರಾ ಹೊಂದದ ಸಂಬಳಕ್ಕೆ ದುಡಿಸಿಕೊಳ್ಳುವುದು. 225-14: ಅಂಥ ಸ್ಥಿತಿಯಲ್ಲಿರುವವರನ್ನು ಮನುಷ್ಯ ಘನತೆಗೆ ಒಗ್ಗದ ಪರಿಸ್ಥಿತಿಯಲ್ಲಿ ದುಡಿಸುವುದು ಅಥವಾ ಇಟ್ಟುಕೊಳ್ಳುವುದು.

1999ರ ಜೂನ್ 10ರಂದು ಪ್ಯಾರಿಸಿನ ಮೊದಲ ಹಂತದ ನ್ಯಾಯಾಲಯ ಮೊದಲ ಕಲಮಿನಡಿ ದಂಪತಿಯನ್ನು ತಪ್ಪಿತಸ್ಥರೆಂದಿತು. ತಲಾ ಹನ್ನೆರಡು ತಿಂಗಳ ಜೈಲು, ಅದರಲ್ಲಿ ಏಳು ತಿಂಗಳು ಅಮಾನತು. ತಲಾ ಒಂದು ಲಕ್ಷ ಫ್ರಾಂಕ್ ದಂಡ. ಹುಡುಗಿಗೆ ಒಂದು ಲಕ್ಷ ಫ್ರಾಂಕ್ ಪರಿಹಾರ. ಘನತೆಯ ಕಲಮು ಮಾತ್ರ ನಿಲ್ಲಲಿಲ್ಲ.

ದಂಪತಿ ಮೇಲ್ಮನವಿ ಹಾಕಿದರು. 2000ದ ಅಕ್ಟೋಬರ್ 19ರ ತೀರ್ಪು ಎಲ್ಲವನ್ನೂ ತೊಡೆದುಹಾಕಿತು. ಸಂಬಳ ಕೊಟ್ಟಿಲ್ಲ, ಕೊಟ್ಟಿದ್ದರೂ ಕೆಲಸಕ್ಕೆ ಹೊಂದುವಷ್ಟಲ್ಲ ಎಂಬುದನ್ನು ಆ ನ್ಯಾಯಾಲಯವೂ ಅಲ್ಲಗಳೆಯಲಿಲ್ಲ. ಆದರೆ ಹುಡುಗಿ ದುರ್ಬಲ ಸ್ಥಿತಿಯಲ್ಲಿದ್ದಳು ಎನ್ನುವುದು ಸಾಬೀತಾಗಿಲ್ಲ ಎಂದಿತು. ಕಾರಣ? ಅವಳು ಬೇಕಾದಂತೆ ಹೋಗಿ ಬರುತ್ತಿದ್ದಳು. ಯಾವಾಗ ಬೇಕಾದರೂ ಮನೆಯವರ ಜೊತೆ ಮಾತಾಡಬಹುದಿತ್ತು. ದೀರ್ಘ ಕಾಲ ಮನೆ ಬಿಟ್ಟು ಹೋಗಿ ಯಾರ ಬಲವಂತವೂ ಇಲ್ಲದೆ ಮರಳಿದ್ದಳು. ಎಳೆಯ ವಯಸ್ಸಿನವಳಾದರೂ ಸ್ವತಂತ್ರ ಸ್ವಭಾವದವಳು ಎಂಬುದು ಇದರಿಂದ ಸ್ಪಷ್ಟ. ವಿದೇಶಿ ಎಂದ ಮಾತ್ರಕ್ಕೆ ದುರ್ಬಲೆ ಎನ್ನಲಾಗದು.

ಅವಳ ಧೈರ್ಯವೇ ಅವಳಿಗೆ ಮುಳುವಾದದ್ದು ಇಲ್ಲಿ. ಓಡಿಹೋಗುವ ಎದೆಗಾರಿಕೆ ಇರದಿದ್ದರೆ, ಬಾಯಿ ಸತ್ತವಳಾಗಿ ಮೂಲೆಯಲ್ಲಿ ಕೂತಿದ್ದರೆ ‘ಪಾಪ, ದುರ್ಬಲೆ’ ಎಂದು ಬರೆಯುತ್ತಿದ್ದರೋ ಏನೋ. ಹದಿನೈದಕ್ಕೆ ದೇಶ ಬಿಟ್ಟು ಬಂದು, ಒಬ್ಬಳೇ ನಗರ ತಿಳಿದುಕೊಂಡು, ಒಂದು ಸಲ ತಪ್ಪಿಸಿಕೊಂಡು, ಕೊನೆಗೆ ಪಕ್ಕದ ಮನೆಯವರಿಗೆ ಹೇಳಿ ಹೊರಬಂದವಳು ದುರ್ಬಲೆ ಅಲ್ಲ, ಸರಿ. ಕಾನೂನು ಕೇಳಬೇಕಿದ್ದದ್ದು ಅವಳ ಸ್ವಭಾವವನ್ನಲ್ಲ, ಸ್ಥಿತಿಯನ್ನು. ಬಾಗಿಲು ದಾಟಿದ ಮೇಲೆ ಅವಳು ಹೋಗುವುದಾದರೂ ಎಲ್ಲಿಗೆ ಎಂದು ಆ ಪೀಠದಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ಆಯಿತು. ಖುಲಾಸೆಯ ವಿರುದ್ಧ ಪರಮೋಚ್ಚ ನ್ಯಾಯಾಲಯಕ್ಕೆ ಹೋಗುವ ಹಕ್ಕಿದ್ದದ್ದು ಸರ್ಕಾರಿ ಪ್ರಾಸಿಕ್ಯೂಟರ್ ಕಚೇರಿಗೆ. ಆ ಕಚೇರಿ ಹೋಗಲಿಲ್ಲ. ಹುಡುಗಿ ತನ್ನ ಪಾಲಿನ ಪರಿಹಾರದ ಭಾಗಕ್ಕಷ್ಟೇ ಹೋಗಬಹುದಿತ್ತು, ಹೋದಳು. 2001ರ ಡಿಸೆಂಬರ್ 11ರಂದು ಪರಮೋಚ್ಚ ನ್ಯಾಯಾಲಯ ಮೇಲ್ಮನವಿ ತೀರ್ಪನ್ನು ರದ್ದು ಮಾಡಿತು, ಆದರೆ ಸಿವಿಲ್ ಭಾಗಕ್ಕೆ ಮಾತ್ರ. ಶಿಕ್ಷೆಯ ಪ್ರಶ್ನೆ ಅಲ್ಲಿಗೆ ಶಾಶ್ವತವಾಗಿ ಮುಚ್ಚಿತು.

ವಿಷಯ ವರ್ಸೇಯ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. 2003ರ ಮೇ 15ರಂದು ಅದು ಹುಡುಗಿ ದುರ್ಬಲ ಸ್ಥಿತಿಯಲ್ಲಿದ್ದಳು, ಸಂಬಳವಿಲ್ಲದೆ ದುಡಿಸಿಕೊಂಡರು ಎಂದು ಒಪ್ಪಿ 15,245 ಯೂರೊ ಪರಿಹಾರ ಕೊಡಿಸಿತು. ಫ್ರಾಂಕ್ ಹೋಗಿ ಯೂರೊ ಬಂದಿತ್ತು, 6.55957ರಿಂದ ಭಾಗಿಸಿ ನೋಡಿದರೆ ಅದು 1999ರ ಅದೇ ಒಂದು ಲಕ್ಷ ಫ್ರಾಂಕ್. ನಾಲ್ಕು ವರ್ಷ, ಮೂರು ನ್ಯಾಯಾಲಯ ಅಲೆದು ಅದೇ ಮೊತ್ತ.

ಘನತೆಯ ಕಲಮನ್ನು ವರ್ಸೇಯವರೂ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದಿನವಿಡೀ ಮನೆಗೆಲಸ ಮಾಡುವುದು, ಮಕ್ಕಳನ್ನು ನೋಡಿಕೊಳ್ಳುವುದು ಅಷ್ಟರಿಂದಲೇ ಘನತೆಗೆ ಕುಂದು ಎನ್ನಲಾಗದು, ಅದು ಎಷ್ಟೋ ತಾಯಂದಿರ ಪಾಡು ಎಂಬ ಅರ್ಥದ ಮಾತು ಅದು. ಒಂದೇ ವಾಕ್ಯದಲ್ಲಿ ಎಷ್ಟು ಜನ ಹೆಂಗಸರ ದುಡಿಮೆ ಲೆಕ್ಕದಿಂದ ಹೊರಬಿತ್ತು ನೋಡಿ. ತಾಯಿಯ ದುಡಿಮೆಗೆ ಬೆಲೆಯಿಲ್ಲ, ಆದ್ದರಿಂದ ತಾಯಿಯ ಬದಲಿಗೆ ದುಡಿದವಳದ್ದಕ್ಕೂ ಇಲ್ಲ. ತಾಯಿ ತನ್ನ ಮಗುವಿಗಾಗಿ ರಾತ್ರಿ ಏಳುತ್ತಾಳೆ. ಈ ಹುಡುಗಿ ಎದ್ದದ್ದು ಯಾರ ಮಗುವಿಗೆ? ನಮ್ಮಲ್ಲಿ ಇದೇ ಮಾತು ಇನ್ನೂ ನಯವಾಗಿ ಬರುತ್ತದೆ: ‘ಅವಳು ನಮಗೆ ಮನೆಮಗಳಿದ್ದ ಹಾಗೆ.’ ಮನೆಮಗಳು ಎಂದ ಕೂಡಲೇ ಸಂಬಳ, ರಜೆ, ಹೊತ್ತು ಗೊತ್ತು ಕೇಳುವ ಬಾಯಿ ಕಟ್ಟುತ್ತದೆ. ಮನೆಯ ನಿಜವಾದ ಮಗಳು ಎಲ್ಲಿ ಮಲಗುತ್ತಾಳೆ, ಯಾವ ಶಾಲೆಗೆ ಹೋಗುತ್ತಾಳೆ ಎಂದು ನೋಡಿದರೆ ಆ ಮಾತಿನ ಹುಳುಕು ತಿಳಿಯುತ್ತದೆ.

ಅದೇ ವರ್ಷ ಅಕ್ಟೋಬರ್ 3ರಂದು ಪ್ಯಾರಿಸಿನ ಕಾರ್ಮಿಕ ನ್ಯಾಯಮಂಡಳಿ ಬಾಕಿ ಸಂಬಳವೆಂದು 31,238 ಯೂರೊ, ಅದರ ಜೊತೆ ನೋಟಿಸ್ ಅವಧಿಗೂ ರಜೆಗೂ ಸ್ವಲ್ಪ ಹಣ ಕೊಡಿಸಿತು. ಘನತೆ, ದುರ್ಬಲತೆ ಎಂಬ ದೊಡ್ಡ ಪದಗಳ ಗೊಡವೆಗೆ ಹೋಗದೆ ಗಂಟೆ ಎಣಿಸಿ ದುಡ್ಡು ಹೇಳಿದ ಆ ಮಂಡಳಿಯ ಬಗ್ಗೆ ನನಗೆ ಒಂದು ತೂಕ ಹೆಚ್ಚು ಗೌರವ.

ಸ್ಟ್ರಾಸ್‌ಬರ್ಗಿನಲ್ಲಿ

ಫ್ರಾನ್ಸ್ ದೇಶದ ಮೇಲೆಯೇ ಆಕೆ 2001ರ ಏಪ್ರಿಲಿನಲ್ಲಿ ಅರ್ಜಿ ಹಾಕಿದ್ದಳು. ದೂರು ಸರಳ: ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ ಯಾರನ್ನೂ ಗುಲಾಮಗಿರಿಯಲ್ಲಿ, ಜೀತದಲ್ಲಿ ಇಡಬಾರದು, ಯಾರಿಂದಲೂ ಬಲವಂತದ ದುಡಿಮೆ ಮಾಡಿಸಬಾರದು ಎನ್ನುತ್ತದೆ; ನಿಮ್ಮ ದಂಡ ಸಂಹಿತೆ ನನ್ನನ್ನು ಅದರಿಂದ ಕಾಯಲಿಲ್ಲ. ಪರಿಹಾರ ಸಿಕ್ಕಿದೆಯಲ್ಲ, ಇನ್ನೇನು ಎಂದು ಸರ್ಕಾರ ವಾದಿಸಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಬಲವಂತದ ದುಡಿಮೆ ಎಂದರೇನು ಎಂಬುದಕ್ಕೆ ನ್ಯಾಯಾಲಯ ತೆಗೆದುಕೊಂಡದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ 29ನೇ ಒಡಂಬಡಿಕೆಯ ವಿವರಣೆ. ಅದರಲ್ಲಿ ಎರಡು ತುಂಡಿದೆ: ದಂಡನೆಯ ಬೆದರಿಕೆ ಇರಬೇಕು, ತಾನಾಗಿ ಒಪ್ಪಿ ಮಾಡಿದ ಕೆಲಸ ಆಗಿರಬಾರದು. ಎರಡನೆಯದು ಕಷ್ಟವಿಲ್ಲ. ಮೊದಲನೆಯದೇ ತೊಡಕು, ಏಕೆಂದರೆ ‘ಕೆಲಸ ಮಾಡದಿದ್ದರೆ ಹೀಗೆ ಮಾಡುತ್ತೇನೆ’ ಎಂದು ಬಿ ದಂಪತಿ ಹೇಳಿದ್ದು ದಾಖಲೆಯಲ್ಲಿಲ್ಲ. ನ್ಯಾಯಾಧೀಶರು ಇಲ್ಲಿ ಅವಳು ನಿಂತ ಜಾಗದಿಂದ ನೋಡಿದರು. ಹರೆಯಕ್ಕೆ ಕಾಲಿಟ್ಟ ಹುಡುಗಿ, ಪರದೇಶ, ಕಾಗದವಿಲ್ಲ, ಪೊಲೀಸರು ಹಿಡಿಯುತ್ತಾರೆಂಬ ಭಯ. ಆ ಭಯಕ್ಕೆ ನೀರೆರೆದವರು ಬಿ ದಂಪತಿ, ಕಾಗದದ ಆಸೆ ಹುಟ್ಟಿಸಿದವರೂ ಅವರೇ. ಅವಳ ಮಟ್ಟಿಗೆ ಇದು ದಂಡನೆಯ ಬೆದರಿಕೆಗೆ ಸಮ ಎಂದಿತು ನ್ಯಾಯಾಲಯ. ಪೊಲೀಸ್ ಎಂಬ ಗುಮ್ಮ ಬಾಗಿಲಾಚೆ ನಿಂತಿರುವಾಗ ಬೀಗಕ್ಕೆ ದುಡ್ಡು ಖರ್ಚು ಮಾಡುವವರಾರು?

ಇನ್ನೂ ಮುಂದೆ ಹೋಗಿ ಇದು ಜೀತವೂ ಹೌದೇ ಎಂದು ಕೇಳಿಕೊಂಡಿತು. ಗುಲಾಮಗಿರಿ ಅಲ್ಲ ಎಂದಿತು. 1926ರ ಗುಲಾಮಗಿರಿ ಒಡಂಬಡಿಕೆಯ ಅರ್ಥದಲ್ಲಿ ಗುಲಾಮ ಎಂದರೆ ಮತ್ತೊಬ್ಬರ ಸೊತ್ತು. ಬಿ ದಂಪತಿ ಅವಳ ಮೇಲೆ ನಿಜವಾದ ಒಡೆತನ ಚಲಾಯಿಸಿ ವಸ್ತುವಾಗಿಸಿದರು ಎನ್ನಲಾಗದು ಎಂಬುದು ವಾದ. ಎರವಲು ಕೊಡುವುದು, ‘ಇಟ್ಟುಕೊಳ್ಳುತ್ತೇನೆ’ ಎನ್ನುವುದು ಒಡೆತನದ ಭಾಷೆಯೇ ಅಲ್ಲವೇ ಎಂದು ನನಗೆ ಅನ್ನಿಸುತ್ತದೆ. ತೀರ್ಪಿನ ಈ ಭಾಗ ನನಗೆ ಒಗ್ಗುವುದಿಲ್ಲ. ಜೀತ ಮಾತ್ರ ಖಂಡಿತ ಎಂದು ಪೀಠ ಒಮ್ಮತದಿಂದ ಹೇಳಿತು. ಮತ್ತೊಬ್ಬರ ಮನೆಯಲ್ಲೇ ಇರಬೇಕು, ಬೇರೆ ಎಲ್ಲೂ ಬದುಕುವ ದಾರಿಯಿಲ್ಲ, ತನ್ನದೆಂಬ ಹೊತ್ತಿಲ್ಲ, ಈ ಸ್ಥಿತಿ ಬದಲಾಗುತ್ತದೆಂಬ ಭರವಸೆ ಇಲ್ಲ. ಶಾಲೆಗೆ ಕಳಿಸುತ್ತೇವೆ ಎಂದವರು ಕಳಿಸದಿದ್ದುದನ್ನೂ ಅದು ಇದೇ ಸಾಲಿಗೆ ಸೇರಿಸಿತು. ಓದಿದ್ದರೆ ಎಂದಾದರೂ ಹೊರಬೀಳುವ ದಾರಿ ಕಾಣುತ್ತಿತ್ತು ಎಂದು. ಮಕ್ಕಳನ್ನು ತರಗತಿಗೆ ಬಿಡಲು ಹೊರಗೆ ಹೋಗುತ್ತಿದ್ದುದು ಪ್ಯಾರಿಸಿನ ಕಣ್ಣಿಗೆ ಸ್ವಾತಂತ್ರ್ಯವಾಗಿ ಕಂಡಿತ್ತು. ಸ್ಟ್ರಾಸ್‌ಬರ್ಗಿಗೆ ಅದು ಕೆಲಸದ ಒಂದು ಭಾಗವಾಗಿ ಕಂಡಿತು.

ನಮ್ಮ ‘ಜೀತ’ ಪದದ ಬಗ್ಗೆ ಒಂದು ಮಾತು. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಬಳ, ಜೀವನೋಪಾಯ ಎಂದೇ ಅರ್ಥ. ತೆಲುಗಿನವರು ಇವತ್ತಿಗೂ ತಿಂಗಳ ಸಂಬಳಕ್ಕೆ ಜೀತಂ ಎನ್ನುತ್ತಾರೆ. ಸಂಬಳ ಎಂಬ ಪದವೇ ಸಂಬಳವಿಲ್ಲದ ದುಡಿಮೆಯ ಹೆಸರಾಗಿ ತಿರುಗಿದ್ದು ಹೇಗೆ ಎಂಬುದಕ್ಕೆ ಬೇರೆಯೇ ಲೇಖನ ಬೇಕು.

ಸಂವಿಧಾನದ 23ನೇ ವಿಧಿಯಡಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದ ನಮಗೆ ಈ ಪ್ರಶ್ನೆ ಮೊದಲೇ ಎದುರಾಗಿತ್ತು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣದಲ್ಲಿ, 1982ರಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ‘ಬಲವಂತ’ ಎಂಬುದನ್ನು ಬಿಡಿಸಿತು: ಕೈ ತಿರುಚುವುದಷ್ಟೇ ಅಲ್ಲ, ಬೇರೆ ದಾರಿಯೇ ಇಲ್ಲದಂತೆ ಮಾಡುವ ಹಸಿವು, ಬಡತನ ಕೂಡ ಬಲವಂತವೇ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವವರದ್ದು ಬಲವಂತದ ದುಡಿಮೆ. ಆ ಅಳತೆಗೋಲು ಹಿಡಿದರೆ ಈ ಹುಡುಗಿಯ ಪ್ರಕರಣದಲ್ಲಿ ಮೊದಲ ಪುಟದಲ್ಲೇ ಉತ್ತರ ಸಿಗುತ್ತದೆ. ತೀರ್ಪು ಬರೆಯುವುದು ಬೇರೆ, ನಮ್ಮ ಅಪಾರ್ಟ್‌ಮೆಂಟುಗಳ ಅಡುಗೆಮನೆಗೆ ಅದನ್ನು ತಲುಪಿಸುವುದು ಬೇರೆ, ಅದೂ ಗೊತ್ತಿದೆ.

ಆಮೇಲೆ

ಫ್ರಾನ್ಸ್ 4ನೇ ವಿಧಿಯನ್ನು ಮೀರಿದೆ ಎಂದು ತೀರ್ಪಾಯಿತು. ರಾಜ್ಯ ತಾನು ತಪ್ಪು ಮಾಡದಿದ್ದರೆ ಸಾಲದು, ಒಂದು ಮನೆಯೊಳಗೆ ಒಬ್ಬರು ಇನ್ನೊಬ್ಬರಿಗೆ ಮಾಡುವುದನ್ನೂ ಅಪರಾಧವೆಂದು ಬರೆದು ಶಿಕ್ಷಿಸಬೇಕು ಎಂಬುದು ಅದರ ತಿರುಳು. 225-13, 225-14 ಎರಡೂ ನ್ಯಾಯಾಲಯಕ್ಕೊಂದು ಅರ್ಥ ಕೊಡುವಷ್ಟು ಸಡಿಲ ಎಂದು ಫ್ರಾನ್ಸಿನ ಸಂಸತ್ತಿನ ಸಮಿತಿಯೇ 2001ರಲ್ಲಿ ಹೇಳಿತ್ತು. ಖರ್ಚುವೆಚ್ಚಕ್ಕೆಂದು ಆಕೆಗೆ 26,209 ಯೂರೊ ಚಿಲ್ಲರೆ ಕೊಡಿಸಲಾಯಿತು.

ತೀರ್ಪು ಬರುವ ಮೊದಲೇ, 2003ರ ಮಾರ್ಚಿನಲ್ಲಿ, ಫ್ರಾನ್ಸ್ ಈ ಕಲಮುಗಳ ಶಿಕ್ಷೆ ಹೆಚ್ಚಿಸಿ 225-15-1 ಎಂಬ ಹೊಸದೊಂದನ್ನು ಸೇರಿಸಿತ್ತು: ಅಪ್ರಾಪ್ತರನ್ನೂ, ಫ್ರಾನ್ಸಿನ ನೆಲಕ್ಕೆ ಬಂದಿಳಿದಾಗಲೇ ಇಂಥ ಕೃತ್ಯಕ್ಕೆ ಸಿಕ್ಕಿಬಿದ್ದವರನ್ನೂ ದುರ್ಬಲ ಸ್ಥಿತಿಯವರೆಂದೇ ಪರಿಗಣಿಸಬೇಕು. ‘ಸ್ವತಂತ್ರ ಸ್ವಭಾವದವಳು’ ಎಂಬ ವಾದಕ್ಕೆ ಇದು ನೇರ ಉತ್ತರ. ಗುಲಾಮಗಿರಿ, ಜೀತ, ಬಲವಂತದ ದುಡಿಮೆ ಎಂಬ ಹೆಸರುಗಳಲ್ಲೇ ಅಪರಾಧಗಳು ಸಂಹಿತೆಗೆ ಬರಲು ಮಾತ್ರ 2013ರ ಆಗಸ್ಟ್ 5ರವರೆಗೆ ಕಾಯಬೇಕಾಯಿತು. ಅದಕ್ಕೂ ಮುಂಚೆ, 2012ರ ಅಕ್ಟೋಬರಿನಲ್ಲಿ, ಇದೇ ವಿಧಿಯಡಿ ಫ್ರಾನ್ಸ್ ಇನ್ನೊಮ್ಮೆ ಸೋತಿತ್ತು. ಈ ಸಲ ಬುರುಂಡಿಯ ಅನಾಥ ಅಕ್ಕತಂಗಿಯರು, ಇಟ್ಟುಕೊಂಡವರು ಸ್ವಂತ ಬಂಧುಗಳು. ಶಾಲೆಗೆ ಹೋಗದೆ ಮನೆಗೆಲಸಕ್ಕೇ ಸವೆದ ಅಕ್ಕನ ಪಾಡು ಜೀತ ಎಂದಾಯಿತು. ಶಾಲೆಗೆ ಹೋಗಿ ಬಂದು ಕೆಲಸ ಮಾಡುತ್ತಿದ್ದ ತಂಗಿಯದ್ದು ಆಗಲಿಲ್ಲ.

ಸ್ಟ್ರಾಸ್‌ಬರ್ಗಿನ ತೀರ್ಪು ಕಟ್ಟುವುದು ದೇಶವನ್ನು, ಮನುಷ್ಯರನ್ನಲ್ಲ. 2000ದ ಅಕ್ಟೋಬರ್ 19ರ ಖುಲಾಸೆಯನ್ನು ಅದು ಮುಟ್ಟಲಿಲ್ಲ, ಮುಟ್ಟುವ ಅಧಿಕಾರವೂ ಅದಕ್ಕಿರಲಿಲ್ಲ. ಫ್ರಾನ್ಸಿನ ಕ್ರಿಮಿನಲ್ ಕಾನೂನಿನ ಕಣ್ಣಿನಲ್ಲಿ ಬಿ ದಂಪತಿ ಇವತ್ತಿಗೂ ನಿರ್ದೋಷಿಗಳು.